ಬಾಣ, ಆವರಣ, ಅಕ್ಷರ: ಹೈಯರ್ ಆರ್ಡರ್ ಫಂಕ್ಷನ್‌ಗಳ ಟೈಪ್ ಸಿಗ್ನೇಚರ್ ಓದುವ ಬಗೆ

ಫೋಲ್ಡ್‌ಆರ್ :: (ಅ -> ಬ -> ಬ) -> ಬ -> [ಅ] -> ಬ

ಆರೇಳು ವರ್ಷ ಜಾವಾದಲ್ಲಿ ಕೆಲಸ ಮಾಡಿದ ಮೇಲೆ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತವನನ್ನು ತಡೆದು ನಿಲ್ಲಿಸಿದ ಸಾಲು ಇದು. ಫಂಕ್ಷನ್ ಎಂಥ ಬೆಲೆಗಳನ್ನು ತೆಗೆದುಕೊಂಡು ಎಂಥ ಬೆಲೆ ಕೊಡುತ್ತದೆ ಎಂದು ಹೇಳುವ ಇಂಥ ಸಾಲೇ ಟೈಪ್ ಸಿಗ್ನೇಚರ್; :: ಚಿಹ್ನೆಯ ಎಡಕ್ಕೆ ಫಂಕ್ಷನ್ನಿನ ಹೆಸರು, ಬಲಕ್ಕೆ ಅದರ ಟೈಪ್. ಪಟ್ಟಿಯಲ್ಲಿರುವ ಅಂಕಿಗಳನ್ನು ಕೂಡಿಸಲು ಈ ಫಂಕ್ಷನ್ ಬಳಸುವುದು ನನಗೆ ಗೊತ್ತಿತ್ತು. ಉದಾಹರಣೆಯನ್ನು ನಕಲು ಮಾಡಿದರೆ ಉತ್ತರವೂ ಬರುತ್ತಿತ್ತು. ಸಾಲನ್ನು ಓದಲು ಮಾತ್ರ ಬರುತ್ತಿರಲಿಲ್ಲ. ಹೊರಗೆ ಮೂರು ಬಾಣ, ಒಳಗೆ ಎರಡು ಬಾಣ, ನಾಲ್ಕು ಕಡೆ ಬ. ಯಾವ ಬ ಯಾರದು, ಯಾರು ಯಾರಿಗೆ ಏನು ಕೊಡುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ.

ಗಂಟು ಸಡಿಲವಾದದ್ದು ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದತೊಡಗಿದ ಮೇಲೆ. ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷ್ ವಿವರಣೆ ಫಂಕ್ಷನ್ನಿನ ಹೆಸರನ್ನು ಮೊದಲು ಹೇಳಿ, ಅದು ಏನು ಮಾಡುತ್ತದೆ ಎಂಬುದನ್ನು ಆಮೇಲೆ ಬಾಲದಂತೆ ಜೋಡಿಸುತ್ತದೆ. ಕನ್ನಡದಲ್ಲಿ ವಿವರ ಮೊದಲು, ವಸ್ತು ಆಮೇಲೆ: ಹಾಲು ಕೊಡುವ ಹಸು, ಅ ಕೊಟ್ಟರೆ ಬ ಕೊಡುವ ಫಂಕ್ಷನ್. ಸಿಗ್ನೇಚರ್ ಇರುವುದೂ ಇದೇ ಕ್ರಮದಲ್ಲಿ. ಎಡದಿಂದ ಬಲಕ್ಕೆ ಓದುತ್ತಾ ಹೋದರೆ ಪದಗಳನ್ನು ಹಿಂದೆ ಮುಂದೆ ಮಾಡದೆಯೇ ಕನ್ನಡ ವಾಕ್ಯವಾಗುತ್ತದೆ.

ಬರವಣಿಗೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಪುಸ್ತಕಗಳಲ್ಲಿ ಎ, ಬಿ, ಸಿ ಎಂದಿರುವ ಕಡೆ ನಾನು ಅ, ಬ, ಕ ಎಂದು ಬರೆದಿದ್ದೇನೆ. ಎಡಿಟರ್‌ನಲ್ಲಿ ನೀವು ಇಂಗ್ಲಿಷ್ ಅಕ್ಷರಗಳನ್ನೇ ಬಳಸುತ್ತೀರಿ. ಹ್ಯಾಸ್ಕೆಲ್‌ನಲ್ಲಿ ಸಣ್ಣಕ್ಷರದಿಂದ ಶುರುವಾದದ್ದು ಟೈಪ್ ವೇರಿಯಬಲ್, ಅಂದರೆ ಯಾವ ಟೈಪ್ ಬೇಕಾದರೂ ಬಂದು ಕೂರಬಹುದಾದ ಖಾಲಿ ಜಾಗ. ದೊಡ್ಡಕ್ಷರದಿಂದ ಶುರುವಾದದ್ದು ಇಂಟ್ (ಪೂರ್ಣಾಂಕ), ಬೂಲ್ (ಹೌದು ಅಥವಾ ಇಲ್ಲ) ಇವುಗಳಂಥ ನಿಶ್ಚಿತ ಟೈಪ್. ಕನ್ನಡ ಲಿಪಿಯಲ್ಲಿ ಸಣ್ಣದು ದೊಡ್ಡದು ಎಂಬ ಭೇದವಿಲ್ಲ. ಆದ್ದರಿಂದ ಇಲ್ಲಿ ಒಂಟಿ ಅಕ್ಷರ ಕಂಡರೆ ಖಾಲಿ ಜಾಗ, ಪೂರ್ತಿ ಹೆಸರು ಕಂಡರೆ ನಿಶ್ಚಿತ ಟೈಪ್ ಎಂದು ತಿಳಿಯಿರಿ. ಚೌಕ ಆವರಣವೆಂದರೆ ಪಟ್ಟಿ.

ಹೆಜ್ಜೆ 1: ಕೊನೆಯ ತುದಿಯನ್ನು ಮೊದಲು ನೋಡಿ

ಟೇಕ್ :: ಇಂಟ್ -> [ಅ] -> [ಅ]

ಹೊರಗಿನ ಬಾಣಗಳಲ್ಲಿ ಕೊನೆಯದರ ಬಲಕ್ಕೆ ಇರುವುದು ಸಿಗುವ ಫಲ. ಉಳಿದದ್ದೆಲ್ಲ ನೀವು ಕೊಡಬೇಕಾದ ಸಾಮಾನು, ಅಂದರೆ ಆರ್ಗ್ಯುಮೆಂಟ್‌ಗಳು. ಇಲ್ಲಿ ಫಲ ಅ-ಗಳ ಪಟ್ಟಿ. ಪ್ರತಿ ಬಾಣವನ್ನು ‘ಕೊಟ್ಟರೆ’ ಎಂದು ಓದಿ: ಇಂಟ್ ಕೊಟ್ಟರೆ, ಅ-ಗಳ ಪಟ್ಟಿ ಕೊಟ್ಟರೆ, ಅ-ಗಳ ಪಟ್ಟಿ ಸಿಗುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ನಮಗೆ ಹೊಸದಲ್ಲವಾದ್ದರಿಂದ ಇದರಲ್ಲಿ ಕಷ್ಟವಿಲ್ಲ.

ಹೆಜ್ಜೆ 2: ಕಾಣದ ಆವರಣಗಳನ್ನು ಕಾಣಿ

ಅದೇ ಸಾಲನ್ನು ಕಂಪೈಲರ್ ಓದುವುದು ಹೀಗೆ:

ಟೇಕ್ :: ಇಂಟ್ -> ([ಅ] -> [ಅ])

ಬಾಣ ಬಲಕ್ಕೆ ಅಂಟಿಕೊಳ್ಳುತ್ತದೆ. ಟೇಕ್ ಎಂಬುದು ಒಂದೇ ಒಂದು ಇಂಟ್ ತೆಗೆದುಕೊಂಡು ಒಂದು ಹೊಸ ಫಂಕ್ಷನ್ ಕೊಡುತ್ತದೆ; ಆ ಫಂಕ್ಷನ್ ಪಟ್ಟಿಯನ್ನು ತೆಗೆದುಕೊಂಡು ಪಟ್ಟಿ ಕೊಡುತ್ತದೆ. ‘ಟೇಕ್ 3’ ಎಂದು ಬರೆದು ಅಲ್ಲಿಗೆ ನಿಲ್ಲಿಸಿದರೆ ತಪ್ಪಿಲ್ಲ. ಅದು ‘ಪಟ್ಟಿ ಕೊಟ್ಟರೆ ಅದರ ಮೊದಲ ಮೂರನ್ನು ಕೊಡುವಂಥದ್ದು’. ಹಲವು ಆರ್ಗ್ಯುಮೆಂಟ್‌ಗಳ ಫಂಕ್ಷನ್ನನ್ನು ಹೀಗೆ ಒಂದೊಂದೇ ಆರ್ಗ್ಯುಮೆಂಟಿನ ಸರಪಳಿಯಾಗಿ ಬಿಡಿಸುವ ಯೋಚನೆಯನ್ನು ಮೋಸೆಸ್ ಶೋನ್‌ಫಿಂಕೆಲ್ 1924ರಲ್ಲಿ ಪ್ರಕಟಿಸಿದರು. ಆಮೇಲೆ ಅದನ್ನು ಬೆಳೆಸಿದ ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು ಅದಕ್ಕೆ ಅಂಟಿಕೊಂಡು ‘ಕರಿಯಿಂಗ್’ ಆಯಿತು. ಅವರ ಮೊದಲ ಹೆಸರು ಭಾಷೆಗೇ ಹೋಯಿತು. ಶೋನ್‌ಫಿಂಕೆಲ್ ಅವರ ಪಾಲಿಗೆ ಏನೂ ಉಳಿಯಲಿಲ್ಲ. ಹೆಸರಿನ ಉದ್ದವೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ.

ಓದುವವರಿಗೆ ಇದರಿಂದ ಸಿಗುವ ಪ್ರಯೋಜನ ಇಷ್ಟು: ಬಲಗಡೆಯ ತುದಿಯಲ್ಲಿ ಆವರಣ ಕಂಡರೆ ಅದನ್ನು ಮನಸ್ಸಿನಲ್ಲೇ ಅಳಿಸಿಬಿಡಬಹುದು, ಅರ್ಥ ಕೆಡುವುದಿಲ್ಲ. ಎಡಗಡೆ ಇರುವ ಆವರಣವನ್ನು ಮಾತ್ರ ಮುಟ್ಟಬೇಡಿ.

ಹೆಜ್ಜೆ 3: ಎಡಗಡೆಯ ಆವರಣವನ್ನು ‘ಕೊಡುವಂಥದ್ದು’ ಎಂದು ಓದಿ

ಮ್ಯಾಪ್ :: (ಅ -> ಬ) -> [ಅ] -> [ಬ]

ಹೊರಗಿನ ಬಾಣ ‘ಕೊಟ್ಟರೆ’. ಆವರಣ ಮುಚ್ಚಿದ ಜಾಗದಲ್ಲಿ ‘ಕೊಡುವಂಥದ್ದು’. ಹೀಗಾಗಿ: ‘ಅ ಕೊಟ್ಟರೆ ಬ ಕೊಡುವಂಥದ್ದನ್ನು ಕೊಟ್ಟರೆ, ಅ-ಗಳ ಪಟ್ಟಿಯನ್ನೂ ಕೊಟ್ಟರೆ, ಬ-ಗಳ ಪಟ್ಟಿ ಸಿಗುತ್ತದೆ.’ ಮೊದಲ ಸಲ ನಾಲಿಗೆ ತೊಡರುತ್ತದೆ. ಮೂರು ಸಲ ಓದಿ. ‘ಕೊಡುವಂಥದ್ದನ್ನು ಕೊಟ್ಟರೆ’ ಎಂಬಲ್ಲಿ ಎರಡು ಬೇರೆ ಬೇರೆ ಕೊಡುವಿಕೆಗಳಿವೆ, ಅವುಗಳ ಕರ್ತೃಗಳೂ ಬೇರೆ. ಕೊಡುವಂಥದ್ದು ಆ ಚಿಕ್ಕ ಫಂಕ್ಷನ್, ಕೊಡುತ್ತಿರುವವರು ನೀವು. ಹೈಯರ್ ಆರ್ಡರ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇದೊಂದೇ ಸಂಗತಿ: ಕೊಡುವ ಸಾಮಾನುಗಳಲ್ಲಿ ಒಂದು ತಾನೇ ಕೆಲಸ ಮಾಡಬಲ್ಲದ್ದು.

ಆವರಣ ತೆಗೆದು ನೋಡಿ, ಅದರ ಬೆಲೆ ತಿಳಿಯುತ್ತದೆ:

ಅ -> ಬ -> [ಅ] -> [ಬ]

ಈಗ ಕೇಳುತ್ತಿರುವುದು ಒಂದು ಅ, ಒಂದು ಬ, ಒಂದು ಪಟ್ಟಿ. ಅ-ಯನ್ನು ಬ ಮಾಡುವ ಉಪಾಯ ಕೈಯಲ್ಲಿಲ್ಲ. ಈ ಟೈಪಿನ ಫಂಕ್ಷನ್ ಬರೆಯಿರಿ ಎಂದರೆ ಖಾಲಿ ಪಟ್ಟಿ ಕೊಡಬಹುದು, ಅಥವಾ ಕೊಟ್ಟ ಅದೇ ಒಂದು ಬ-ಯನ್ನು ಮತ್ತೆ ಮತ್ತೆ ಪೋಣಿಸಿ ಕೊಡಬಹುದು. ಅಷ್ಟೇ.

ಹೆಜ್ಜೆ 2ರ ಕಾಣದ ಆವರಣವನ್ನು ಮ್ಯಾಪ್‌ಗೂ ಹಾಕಿದರೆ (ಅ -> ಬ) -> ([ಅ] -> [ಬ]) ಆಗುತ್ತದೆ. ಬಿಡಿ ವಸ್ತುವಿನ ಮೇಲೆ ಕೆಲಸ ಮಾಡುವ ಫಂಕ್ಷನ್ ಕೊಟ್ಟರೆ ಇಡೀ ಪಟ್ಟಿಯ ಮೇಲೆ ಕೆಲಸ ಮಾಡುವ ಫಂಕ್ಷನ್ ಸಿಗುತ್ತದೆ. ಎರಡು ಓದುಗಳೂ ಸರಿ. ಮುಂದೆ ಫಂಕ್ಟರ್ ಎಂಬ ಹೆಸರು ಎದುರಾದಾಗ ಈ ಎರಡನೆಯ ಓದು ನೆನಪಿದ್ದರೆ ಅರ್ಧ ದಾರಿ ಸವೆದಂತೆ.

ಹೆಜ್ಜೆ 4: ಅಕ್ಷರ ಏನನ್ನು ಮುಚ್ಚಿಡುತ್ತದೆ ಎಂದು ಕೇಳಿ

ಅ ಯಾವ ಟೈಪ್ ಎಂಬುದನ್ನು ತೀರ್ಮಾನಿಸುವುದು ಫಂಕ್ಷನ್ ಬರೆದವರಲ್ಲ, ಕರೆಯುವವರು. ಬರೆದವರಿಗೆ ಅದು ಮುಚ್ಚಿದ ಲಕೋಟೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ನಕಲು ಇಟ್ಟುಕೊಳ್ಳಬಹುದು, ಬಿಸಾಡಬಹುದು. ತೆರೆದು ನೋಡುವಂತಿಲ್ಲ, ಹೊಸದಾಗಿ ಸೃಷ್ಟಿಸುವಂತಿಲ್ಲ. ಒಂದೇ ಅಕ್ಷರ ಎರಡು ಕಡೆ ಇದ್ದರೆ ಎರಡೂ ಕಡೆ ಒಂದೇ ಟೈಪ್ ಇರಲೇಬೇಕು. ಬೇರೆ ಅಕ್ಷರಗಳು ಮಾತ್ರ ಬೇರೆ ಟೈಪ್‌ಗಳೇ ಆಗಬೇಕೆಂದಿಲ್ಲ. ಮ್ಯಾಪ್‌ನಲ್ಲಿ ಅ, ಬ ಎರಡೂ ಇಂಟ್ ಆಗಬಹುದು.

ಫಿಲ್ಟರ್ :: (ಅ -> ಬೂಲ್) -> [ಅ] -> [ಅ]

ಇದನ್ನು ನೋಡಿದ ಕೂಡಲೇ, ಉತ್ತರದ ಪಟ್ಟಿಯಲ್ಲಿರುವ ಪ್ರತಿಯೊಂದೂ ಕೊಟ್ಟ ಪಟ್ಟಿಯಿಂದಲೇ ಬಂದಿರಬೇಕು ಎಂದು ಕಣ್ಣು ಮುಚ್ಚಿ ಹೇಳಬಹುದು. ಅ-ಗಳನ್ನು ತರಲು ಬೇರೆ ಬಾವಿಯೇ ಇಲ್ಲ. ಫಂಕ್ಷನ್ನಿನ ಒಳಗನ್ನು ನೋಡದೆ ಟೈಪಿನಿಂದಲೇ ಹೀಗೆ ಪ್ರಮೇಯಗಳನ್ನು ಹೊರಡಿಸಬಹುದೆಂದು ಫಿಲಿಪ್ ವ್ಯಾಡ್ಲರ್ 1989ರ ಒಂದು ಪ್ರಬಂಧದಲ್ಲಿ ಚೆನ್ನಾಗಿ ತೋರಿಸಿಕೊಟ್ಟರು.

ಟೈಪ್ ಹೇಳದಿರುವುದನ್ನೂ ಗಮನಿಸಿ. ಟೇಕ್‌ವೈಲ್, ಡ್ರಾಪ್‌ವೈಲ್ ಎಂಬ ಇನ್ನೆರಡು ಫಂಕ್ಷನ್‌ಗಳ ಸಿಗ್ನೇಚರ್ ಅಕ್ಷರಶಃ ಇದೇ. ‘ಹೌದು’ ಎಂದದ್ದನ್ನು ಇಟ್ಟುಕೊಳ್ಳಬೇಕೋ, ಬಿಡಬೇಕೋ, ಮೊದಲ ‘ಇಲ್ಲ’ಕ್ಕೆ ನಿಲ್ಲಬೇಕೋ ಎಂಬುದನ್ನು ಬೂಲ್ ಹೇಳುವುದಿಲ್ಲ. ಸಿಗ್ನೇಚರ್ ಓದಿದರೆ ಸಾಕು, ವಿವರಣೆ ಬೇಡ ಎನ್ನುವವರ ಮಾತನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ.

ಹೆಜ್ಜೆ 5: ಜಮಾ ಎಷ್ಟು, ಬಾಕಿ ಏನು

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಆರಿಸುತ್ತೇನೆ. ನೀವು ಫಂಕ್ಷನ್ನಿನ ಒಳಗೆ ಕುಳಿತಿದ್ದೀರಿ ಎಂದುಕೊಳ್ಳಿ. ಆರ್ಗ್ಯುಮೆಂಟ್‌ಗಳಾಗಿ ಬಂದದ್ದೆಲ್ಲ ಜಮಾ. ಕೊನೆಯಲ್ಲಿ ಕೊಡಬೇಕಾದ ಫಲ ಬಾಕಿ. ಜಮಾದಲ್ಲಿ ಒಂದು ಫಂಕ್ಷನ್ ಇದ್ದರೆ ಅದರ ಫಲ ನಿಮಗೆ ಜಮಾ ಆಗುತ್ತದೆ, ಆದರೆ ಅದು ಕೇಳಿದ್ದನ್ನು ನೀವು ಒದಗಿಸಬೇಕು, ಅದು ಹೊಸ ಬಾಕಿ. ಈ ಲೆಕ್ಕವನ್ನು ಬಾಕಿಯ ಕಡೆಯಿಂದ ಹಿಂದಕ್ಕೆ ಹಿಡಿದುಕೊಂಡು ಬನ್ನಿ.

ಎರಡು ಫಂಕ್ಷನ್‌ಗಳನ್ನು ಪೋಣಿಸುವ ಚುಕ್ಕಿಯ ಸಿಗ್ನೇಚರ್:

(.) :: (ಬ -> ಕ) -> (ಅ -> ಬ) -> ಅ -> ಕ

ಬಾಕಿ: ಕ. ಯಾರು ಕೊಡಬಲ್ಲರು? ಮೊದಲ ಆವರಣದವನೊಬ್ಬನೇ. ಅವನು ಬ ಕೇಳುತ್ತಾನೆ. ಬ ಯಾರ ಬಳಿ ಇದೆ? ಎರಡನೆಯ ಆವರಣದವನ ಬಳಿ. ಅವನು ಅ ಕೇಳುತ್ತಾನೆ. ಅ ನಮ್ಮ ಕೈಯಲ್ಲೇ ಇದೆ. ಲೆಕ್ಕ ಚುಕ್ತಾ. ಫಂಕ್ಷನ್ ಬರೆದೂ ಆಯಿತು: ಅ-ಯನ್ನು ಎರಡನೆಯದಕ್ಕೆ ಕೊಟ್ಟು, ಬಂದದ್ದನ್ನು ಮೊದಲನೆಯದಕ್ಕೆ ಕೊಡುವುದು. ಬೇರೆ ದಾರಿಯೇ ಇಲ್ಲ. ಆವರಣಗಳು ತಲೆಕೆಳಗಾದ ಕ್ರಮದಲ್ಲಿ ಏಕಿವೆ ಎಂದು ಹೊಸಬರು ತಲೆ ಕೆರೆದುಕೊಳ್ಳುವ ಜಾಗವೂ ಇದೇ. ಬಾಕಿ ತೀರಿಸುವ ಕ್ರಮದಲ್ಲಿ ಓದಿದರೆ ಅವು ಸರಿಯಾದ ಸಾಲಿನಲ್ಲೇ ನಿಂತಿವೆ.

ಈಗ ಆರಂಭದ ಸಾಲಿಗೆ ಬರೋಣ.

ಫೋಲ್ಡ್‌ಆರ್ :: (ಅ -> ಬ -> ಬ) -> ಬ -> [ಅ] -> ಬ

ಬಾಕಿ: ಬ. ಜಮಾದಲ್ಲಿ ನೇರವಾಗಿ ಒಂದು ಬ ಇದೆ, ಅ-ಗಳ ಪಟ್ಟಿ ಇದೆ, ಅ ಮತ್ತು ಬ ಕೊಟ್ಟರೆ ಬ ಕೊಡುವಂಥದ್ದೊಂದಿದೆ. ಪಟ್ಟಿ ಖಾಲಿಯಾಗಿದ್ದರೆ? ಅ ಸಿಗುವುದಿಲ್ಲ, ಆ ಫಂಕ್ಷನ್ನನ್ನು ಕರೆಯುವಂತಿಲ್ಲ. ಆಗ ಬಾಕಿ ತೀರಿಸಲು ಇರುವುದು ನೇರವಾಗಿ ಬಂದ ಆ ಒಂದು ಬ. ‘ಆರಂಭದ ಬೆಲೆ’ ಎಂದು ಪುಸ್ತಕಗಳು ಬಾಯಿಪಾಠ ಮಾಡಿಸುವ ಆರ್ಗ್ಯುಮೆಂಟ್ ಏಕೆ ಬೇಕೇಬೇಕು ಎಂಬುದು ಟೈಪಿನಿಂದಲೇ ಹೊರಬಿತ್ತು. ಪಟ್ಟಿಯಲ್ಲಿ ಏನಾದರೂ ಇದ್ದರೆ ಅಲ್ಲಿಂದ ಒಂದು ಅ, ಅಲ್ಲಿಯವರೆಗೆ ಕೂಡಿಬಂದ ಒಂದು ಬ, ಎರಡನ್ನೂ ಕೊಟ್ಟು ಹೊಸ ಬ ಪಡೆಯುವುದು.

ಕಿರಾಣಿ ಅಂಗಡಿಯ ಬಿಲ್ ಇಟ್ಟು ನೋಡಿದರೆ ಅ ಎಂದರೆ ಸರಕು, ಬ ಎಂದರೆ ರೂಪಾಯಿ. ಆವರಣದೊಳಗಿನದು ಸರಕು -> ರೂಪಾಯಿ -> ರೂಪಾಯಿ: ಈ ಸರಕು, ಇಷ್ಟು ಹೊತ್ತಿನವರೆಗಿನ ಮೊತ್ತ, ಹೊಸ ಮೊತ್ತ. ನೇರ ಬ ಎಂದರೆ ಸೊನ್ನೆ ರೂಪಾಯಿ. ಉದಾಹರಣೆಗಳೆಲ್ಲ ಅಂಕಿ ಕೂಡಿಸುವುದನ್ನೇ ತೋರಿಸುವುದರಿಂದ ಕಲಿಯುವವರಿಗೆ ತೊಂದರೆಯಾಗುತ್ತದೆ. ಅಲ್ಲಿ ಅ ಕೂಡ ಇಂಟ್, ಬ ಕೂಡ ಇಂಟ್. ಎರಡು ಪಾತ್ರಗಳು ಒಂದೇ ವೇಷದಲ್ಲಿ ರಂಗಕ್ಕೆ ಬಂದಂತೆ. ಕಲಿಯುವಾಗ ಅ, ಬ ಬೇರೆ ಬೇರೆ ಇರುವ ಉದಾಹರಣೆಯನ್ನೇ ಹುಡುಕಿಕೊಳ್ಳಿ.

ಪಕ್ಕದಲ್ಲೇ ಇದರ ತಮ್ಮ:

ಫೋಲ್ಡ್‌ಎಲ್ :: (ಬ -> ಅ -> ಬ) -> ಬ -> [ಅ] -> ಬ

ಆವರಣದೊಳಗೆ ಅ, ಬ ಅದಲು ಬದಲಾಗಿವೆ. ಆ ಎರಡು ಅಕ್ಷರಗಳ ಸ್ಥಾನವೇ ಲೆಕ್ಕ ಯಾವ ಕಡೆಯಿಂದ ಕಟ್ಟಿಕೊಳ್ಳುತ್ತದೆ ಎಂಬುದರ ಚಿತ್ರ. 10, 3, 2 ಎಂಬ ಪಟ್ಟಿಯ ಮೇಲೆ, ಸೊನ್ನೆಯಿಂದ ಶುರು ಮಾಡಿ, ಕಳೆಯುವ ಫಂಕ್ಷನ್ ಕೊಟ್ಟರೆ ಫೋಲ್ಡ್‌ಆರ್‌ನಲ್ಲಿ 10 - (3 - (2 - 0)) ಆಗಿ 9 ಬರುತ್ತದೆ. ಇಲ್ಲಿ ಪಟ್ಟಿಯ ಅಂಶ ಎಡಕ್ಕೆ, ಕೂಡಿಬಂದದ್ದು ಬಲಕ್ಕೆ. ಫೋಲ್ಡ್‌ಎಲ್‌ನಲ್ಲಿ ((0 - 10) - 3) - 2 ಆಗಿ -15 ಬರುತ್ತದೆ. ಇಲ್ಲಿ ಕೂಡಿಬಂದದ್ದು ಎಡಕ್ಕೆ. ಬೇರೆ ಭಾಷೆಗಳಿಗೆ ಹೋದಾಗ ಹ್ಯಾಸ್ಕೆಲ್‌ನ ಕ್ರಮವನ್ನೇ ನಂಬಿಕೊಂಡು ಹೋಗಬೇಡಿ. ಓಕ್ಯಾಮಲ್ ತನ್ನ ಎಡ ಫೋಲ್ಡ್‌ನಲ್ಲಿ ಕೂಡಿಬಂದದ್ದನ್ನು ಮೊದಲು ಇಡುತ್ತದೆ. ಎಲ್ಮ್ ತನ್ನ ಫೋಲ್ಡ್‌ಎಲ್‌ನಲ್ಲೂ ಪಟ್ಟಿಯ ಅಂಶವನ್ನೇ ಮೊದಲು ಇಡುತ್ತದೆ. ಜಾವಾಸ್ಕ್ರಿಪ್ಟ್‌ನ ರೆಡ್ಯೂಸ್ ಕೂಡಿಬಂದದ್ದನ್ನು ಮೊದಲು ಇಟ್ಟರೂ, ಅಲ್ಲಿ ಪಟ್ಟಿ ಚುಕ್ಕಿಯ ಎಡಕ್ಕಿರುತ್ತದೆ, ಆರಂಭದ ಬೆಲೆ ಕೊನೆಗೆ ಬರುತ್ತದೆ. ಬಾಯಿಪಾಠ ಮಾಡಿದವರು ಪ್ರತಿ ಭಾಷೆಯಲ್ಲೂ ಎಡವುತ್ತಾರೆ. ಸಿಗ್ನೇಚರ್ ತೆರೆದು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು.

ಜಮಾ-ಬಾಕಿಯ ಇನ್ನೊಂದು ಗುಣ ದಿನನಿತ್ಯದ ಕೆಲಸದಲ್ಲಿ ಬಹಳ ನೆರವಾಗುತ್ತದೆ: ಒಂದು ಆವರಣ ದಾಟಿದಾಗ ಕೊಡುವವರು ತೆಗೆದುಕೊಳ್ಳುವವರಾಗುತ್ತಾರೆ.

ವಿತ್‌ಫೈಲ್ :: ಫೈಲ್‌ಪಾತ್ -> ಐಓಮೋಡ್ -> (ಹ್ಯಾಂಡಲ್ -> ಐಓ ರ) -> ಐಓ ರ

ಐಓ ರ ಎಂದರೆ ಫೈಲಿನಂಥ ಹೊರಗಿನ ವಸ್ತುವಿನೊಡನೆ ವ್ಯವಹರಿಸಿ ಕೊನೆಗೆ ರ ಕೊಡುವ ಕೆಲಸ; ಹ್ಯಾಂಡಲ್ ಎಂದರೆ ತೆರೆದ ಫೈಲನ್ನು ಬಳಸಲು ಬೇಕಾದ ಹಿಡಿ. ಇಲ್ಲಿ ಕರೆಯುವವರು ನೀವು. ಫೈಲಿನ ವಿಳಾಸ ನೀವು ಕೊಡಬೇಕು, ಓದಲೋ ಬರೆಯಲೋ ಎಂಬುದನ್ನೂ ನೀವೇ ಕೊಡಬೇಕು. ಹ್ಯಾಂಡಲ್? ಅದು ಬಾಣದ ಎಡಕ್ಕಿದೆ, ಹಾಗಾಗಿ ಕೊಡಬೇಕಾದದ್ದು ಎನಿಸುತ್ತದೆ. ಆದರೆ ಅದು ಆವರಣದ ಒಳಗಿದೆ. ತೆರೆದ ಫೈಲಿನ ಹ್ಯಾಂಡಲನ್ನು ವಿತ್‌ಫೈಲ್ ನಿಮ್ಮ ಫಂಕ್ಷನ್‌ಗೆ ಕೊಡುತ್ತದೆ. ನೀವು ತೆಗೆದುಕೊಂಡು ಕೆಲಸ ಮಾಡಿ ರ ಒಪ್ಪಿಸುತ್ತೀರಿ. ಅದು ಫೈಲನ್ನು ಮುಚ್ಚಿ ಅದೇ ರ-ವನ್ನು ನಿಮಗೆ ತಂದುಕೊಡುತ್ತದೆ. ‘ಹ್ಯಾಂಡಲ್ ಎಲ್ಲಿಂದ ತರಲಿ’ ಎಂದು ಅರ್ಧ ದಿನ ಹುಡುಕಿದ ಹೊಸಬರನ್ನು ನಾನು ಕಂಡಿದ್ದೇನೆ. ತರಬೇಕಾಗಿಯೇ ಇಲ್ಲ. ಆವರಣದೊಳಗೆ ಮತ್ತೊಂದು ಆವರಣ ಬಂದರೆ ಲೆಕ್ಕ ಮತ್ತೆ ತಿರುಗುತ್ತದೆ, ಅಲ್ಲಿ ಬಾಣದ ಎಡಕ್ಕಿರುವುದನ್ನು ಮತ್ತೆ ನೀವೇ ಕೊಡಬೇಕು. ಆವರಣಗಳನ್ನು ಎಣಿಸಿ: ಹೊರಗೆ ನಿಮ್ಮದು, ಒಂದರೊಳಗೆ ಅವರದು, ಎರಡರೊಳಗೆ ನಿಮ್ಮದು.

(ಒಂದು ಎಚ್ಚರಿಕೆ. ರ ಏನು ಬೇಕಾದರೂ ಆಗಬಹುದು ಎಂದಮೇಲೆ ಹ್ಯಾಂಡಲ್ಲೇ ಆಗಬಹುದು. ಅದನ್ನೇ ಹೊರಗೆ ಸಾಗಿಸಿದರೆ ಟೈಪ್ ಒಪ್ಪುತ್ತದೆ, ಆದರೆ ನಿಮ್ಮ ಕೈಗೆ ಬರುವುದು ಮುಚ್ಚಿಹೋದ ಫೈಲು.)

ಹೆಜ್ಜೆ 6: ಪೆನ್ಸಿಲ್ ಹಿಡಿದು ಒಂದರ ಕೆಳಗೆ ಒಂದು ಬರೆಯಿರಿ

ಎರಡು ಹೈಯರ್ ಆರ್ಡರ್ ಫಂಕ್ಷನ್‌ಗಳನ್ನು ಜೋಡಿಸಿದಾಗ ಏನು ಸಿಗುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಕಾಗದ ತೆಗೆದುಕೊಳ್ಳಿ. ಒಂದು ಸಿಗ್ನೇಚರಿನ ಅ-ಗೂ ಇನ್ನೊಂದರ ಅ-ಗೂ ಸಂಬಂಧವಿಲ್ಲ, ಎರಡು ಊರುಗಳಲ್ಲಿ ಒಂದೇ ಹೆಸರಿನ ಇಬ್ಬರಿದ್ದಂತೆ. ಆದ್ದರಿಂದ ಮೊದಲು ಒಂದರ ಅಕ್ಷರಗಳನ್ನು ಬದಲಿಸಿಕೊಳ್ಳಿ.

ಉದಾಹರಣೆಗೆ ಡಾಲರ್ ಚಿಹ್ನೆ. ಕೊಟ್ಟ ಫಂಕ್ಷನ್ನನ್ನು ಕೊಟ್ಟ ವಸ್ತುವಿನ ಮೇಲೆ ಪ್ರಯೋಗಿಸುವುದಷ್ಟೇ ಅದರ ಕೆಲಸ:

($) :: (ಪ -> ಫ) -> ಪ -> ಫ

ಇದನ್ನು ಫೋಲ್ಡ್‌ಆರ್‌ನ ಮೊದಲ ಆರ್ಗ್ಯುಮೆಂಟಾಗಿ ಕೊಟ್ಟರೆ?

ಬೇಕಾದದ್ದು: ಅ -> ಬ -> ಬ
ಇರುವುದು: (ಪ -> ಫ) -> ಪ -> ಫ

ಬಾಣದಿಂದ ಬಾಣಕ್ಕೆ ಹೊಂದಿಸಿ. ಅ ಎಂದರೆ (ಪ -> ಫ). ಬ ಎಂದರೆ ಪ. ಕೊನೆಯಲ್ಲಿ ಬ ಎಂದರೆ ಫ. ಬ ಒಂದೇ ಆದ್ದರಿಂದ ಪ, ಫ ಎರಡೂ ಒಂದೇ, ಎರಡೂ ಬ. ಹಾಗಾದರೆ ಅ ಎಂದರೆ (ಬ -> ಬ). ಫೋಲ್ಡ್‌ಆರ್ ಕೇಳುವ [ಅ] ಈಗ [ಬ -> ಬ], ಫಂಕ್ಷನ್‌ಗಳ ಪಟ್ಟಿ! ಒಂಟಿ ಅಕ್ಷರದ ಜಾಗದಲ್ಲಿ ಬಾಣವಿರುವ ಟೈಪ್ ಬಂದು ಕೂರಬಹುದು ಎಂಬುದು ಹೊಳೆಯುವುದು ಹೀಗೆ ಬರೆದಾಗಲೇ. ಕಂಪೈಲರ್ ಮಾಡುವುದೂ ಇದನ್ನೇ. ರೋಜರ್ ಹಿಂಡ್ಲೆ 1969ರಲ್ಲಿ, ರಾಬಿನ್ ಮಿಲ್ನರ್ 1978ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಟೈಪ್ ಊಹಿಸುವ ವಿಧಾನದ ತಿರುಳು ಈ ಹೊಂದಾಣಿಕೆಯೇ.

ಈ ಜೋಡಣೆಯನ್ನು ನಾನು ಒಮ್ಮೆ ಒಂದು ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಜಂಬದಿಂದ ಬಳಸಿದ್ದೆ. ರಿಯಾಯಿತಿಗಳ ಪಟ್ಟಿ: ಮೊದಲು 50 ರೂಪಾಯಿ ಕಡಿತ, ಆಮೇಲೆ ಶೇಕಡಾ 10 ಕಡಿತ. 1000 ರೂಪಾಯಿಯ ಬಿಲ್‌ಗೆ 950 ಆಗಿ, ಅದರಲ್ಲಿ ಶೇಕಡಾ 10 ಕಳೆದು 855 ಬರಬೇಕಿತ್ತು. ಬಂದದ್ದು 850. ಫೋಲ್ಡ್‌ಆರ್ ಬಲತುದಿಯಿಂದ ಕಟ್ಟುವುದರಿಂದ ಶೇಕಡಾ 10 ಮೊದಲು ಬಿದ್ದು 900 ಆಗಿತ್ತು, ಅದರಿಂದ 50 ಹೋಗಿತ್ತು. ಎರಡೂ ರಿಯಾಯಿತಿಗಳ ಟೈಪ್ ಒಂದೇ ಆಗಿದ್ದರಿಂದ ಕಂಪೈಲರ್ ತುಟಿ ಪಿಟಕ್ಕೆನ್ನಲಿಲ್ಲ. ಐದು ರೂಪಾಯಿಯ ವ್ಯತ್ಯಾಸವನ್ನು ಕಂಡುಹಿಡಿದವರು ಅಂಗಡಿಯ ಯಜಮಾನರು. ಸರಿಪಡಿಸಲು ಫೋಲ್ಡ್‌ಎಲ್ ಬೇಕು. ಅದು (ಬ -> ಅ -> ಬ) ಕೇಳುವುದರಿಂದ ಡಾಲರ್‌ನ ಆರ್ಗ್ಯುಮೆಂಟ್‌ಗಳನ್ನು ತಿರುಗಿಸಬೇಕು. ತಿರುಗಿಸುವುದಕ್ಕೆ ಫ್ಲಿಪ್ ಇದೆ: (ಅ -> ಬ -> ಕ) -> ಬ -> ಅ -> ಕ. ‘ಫೋಲ್ಡ್‌ಎಲ್ (ಫ್ಲಿಪ್ ($)) 1000’ ಹೇಗೆ ಹೊಂದುತ್ತದೆ ಎಂಬುದನ್ನು ಕಾಗದದ ಮೇಲೆ ನೀವೇ ಬಿಡಿಸಿ.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು:

ಆನ್ :: (ಬ -> ಬ -> ಕ) -> (ಅ -> ಬ) -> ಅ -> ಅ -> ಕ
ಸಾರ್ಟ್‌ಬೈ :: (ಅ -> ಅ -> ಆರ್ಡರಿಂಗ್) -> [ಅ] -> [ಅ]

ಆನ್ ಅನ್ನು ಓದಿ: ಎರಡು ಬ-ಗಳನ್ನು ಕೊಟ್ಟರೆ ಕ ಕೊಡುವಂಥದ್ದು, ಅ ಕೊಟ್ಟರೆ ಬ ಕೊಡುವಂಥದ್ದು, ಎರಡು ಅ, ಇಷ್ಟು ಕೊಟ್ಟರೆ ಕ. ಹೋಲಿಸುವ ಫಂಕ್ಷನ್ನನ್ನೂ ಉದ್ದ ಹೇಳುವ ಫಂಕ್ಷನ್ನನ್ನೂ ಕೊಟ್ಟರೆ ಬ ಇಂಟ್ ಆಗುತ್ತದೆ, ಅ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗುತ್ತದೆ, ಕ ಆರ್ಡರಿಂಗ್ (ಚಿಕ್ಕದು, ಸಮ ಅಥವಾ ದೊಡ್ಡದು ಎಂಬ ಉತ್ತರ) ಆಗುತ್ತದೆ. ಉಳಿಯುವುದು ಸ್ಟ್ರಿಂಗ್ -> ಸ್ಟ್ರಿಂಗ್ -> ಆರ್ಡರಿಂಗ್. ಸಾರ್ಟ್‌ಬೈ ಕೇಳುತ್ತಿರುವುದೂ ಅದನ್ನೇ. ಊರುಗಳ ಹೆಸರನ್ನು ಉದ್ದದ ಪ್ರಕಾರ ಜೋಡಿಸುವ ಪ್ರೋಗ್ರಾಂ ಒಂದು ಸಾಲಿನಲ್ಲಿ ಸಿದ್ಧ.

ಉಡುಪಿ, ಹಾಸನ, ಗದಗ ಎಂಬ ಪಟ್ಟಿ ಕೊಡಿ. ನಮ್ಮ ಕಣ್ಣಿಗೆ ಮೂರೂ ಮೂರಕ್ಷರದ ಊರುಗಳು. ಉತ್ತರದಲ್ಲಿ ಕ್ರಮ ತಿರುಗಿ ಗದಗ, ಹಾಸನ, ಉಡುಪಿ ಎಂದು ಬರುತ್ತದೆ. ಹ್ಯಾಸ್ಕೆಲ್‌ನ ಸ್ಟ್ರಿಂಗ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಗುಣಿತದ ಚಿಹ್ನೆಗೂ ಒಂದೊಂದು ಸಂಕೇತ ಇರುವುದರಿಂದ ಉಡುಪಿ 5, ಹಾಸನ 4, ಗದಗ 3. ಟೈಪ್‌ನ ಪ್ರಕಾರ ಎಲ್ಲವೂ ಸರಿ. ಇಂಟ್ ಎಂದರೆ ಇಂಟ್, ಯಾವುದನ್ನು ಎಣಿಸಿ ಬಂದ ಇಂಟ್ ಎಂಬುದನ್ನು ಅದು ಹೇಳುವುದಿಲ್ಲ.

ಹೆಜ್ಜೆ 7: ಜೋಡಿ ಗೆರೆಯ ಬಾಣವನ್ನು ಷರತ್ತಾಗಿ ಓದಿ

ಸಾರ್ಟ್ :: ಆರ್ಡ್ ಅ => [ಅ] -> [ಅ]

=> ಎಂಬುದರ ಎಡಕ್ಕಿರುವುದು ಷರತ್ತು: ‘ಅ ಹೋಲಿಸಲು ಬರುವಂಥದ್ದಾದರೆ’. ಲಕೋಟೆಯನ್ನು ಪೂರ್ತಿ ತೆರೆಯುವಂತಿಲ್ಲ, ಆದರೆ ಎರಡು ಲಕೋಟೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳಬಹುದು. ಇದನ್ನು ಸಾರ್ಟ್‌ಬೈ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಷರತ್ತಿಲ್ಲ, ಅದರ ಬದಲು ಹೋಲಿಸುವ ಫಂಕ್ಷನ್ನನ್ನು ಕೈಗೇ ಕೊಡಬೇಕು. ಷರತ್ತು ಎಂದರೆ ಕಂಪೈಲರ್ ತಾನೇ ಹುಡುಕಿ ತಂದುಕೊಡುವ ಆರ್ಗ್ಯುಮೆಂಟ್ ಎಂದುಕೊಂಡರೆ ತಪ್ಪಾಗದು. ಹ್ಯಾಸ್ಕೆಲ್‌ನ ಪ್ರಮುಖ ಕಂಪೈಲರ್ ಆದ ಜಿಎಚ್‌ಸಿ ಒಳಗೊಳಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಹಳೆಯ ಪುಸ್ತಕ ಹಿಡಿದು ಕಲಿಯುವವರಿಗೆ ಇಲ್ಲಿ ಒಂದು ಗೊಂದಲ ಕಾದಿದೆ. ಇಂದಿನ ಜಿಎಚ್‌ಸಿಯಲ್ಲಿ ಫೋಲ್ಡ್‌ಆರ್‌ನ ಟೈಪ್ ಕೇಳಿದರೆ ನಾನು ಬರೆದದ್ದು ಬರುವುದಿಲ್ಲ. ಬರುವುದು ಇದು:

ಫೋಲ್ಡಬಲ್ ತ => (ಅ -> ಬ -> ಬ) -> ಬ -> ತ ಅ -> ಬ

2015ರ 7.10 ಆವೃತ್ತಿಯಿಂದ ಹೀಗಿದೆ. ಪಟ್ಟಿಯ ಜಾಗದಲ್ಲಿ ‘ತ ಅ’ ಬಂದಿದೆ, ಅಂದರೆ ಅ-ಗಳನ್ನು ತುಂಬಿಕೊಂಡಿರುವ ಯಾವುದೋ ಒಂದು ಪಾತ್ರೆ. ಷರತ್ತು ಏನೆಂದರೆ ಆ ಪಾತ್ರೆಯನ್ನು ಮಡಚಲು ಬರಬೇಕು. ಕಲಿಯುವಷ್ಟು ಕಾಲ ತ ಎಂದರೆ ಪಟ್ಟಿ ಎಂದೇ ಓದಿಕೊಳ್ಳಿ.

ಕೈಗೆ ಸಿಗುವ ಸಲಕರಣೆಗಳು

ಜಿಎಚ್‌ಸಿಐ ಎಂಬ ಪ್ರಾಂಪ್ಟ್‌ನಲ್ಲಿ ಕೋಲನ್ ಹಾಕಿ ಟಿ ಬರೆದು ಯಾವ ತುಣುಕನ್ನು ಕೊಟ್ಟರೂ ಅದರ ಟೈಪ್ ಹೇಳುತ್ತದೆ. ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ತಾಳೆ ನೋಡಿ. ಕ್ರಮ ತಿರುಗಿಸಿದರೆ ಕಲಿಕೆ ಆಗುವುದಿಲ್ಲ. ಪ್ರೋಗ್ರಾಂ ಬರೆಯುವಾಗ ಎಲ್ಲಿ ಏನು ಹಾಕಬೇಕೆಂದು ತೋಚದಿದ್ದರೆ ಅಲ್ಲಿ ಒಂದು ಅಡಿಗೆರೆ ಇಡಿ. ಈ ತೂತಿಗೆ ಯಾವ ಟೈಪ್ ಬೇಕು, ಕೈಯಲ್ಲಿ ಏನೇನಿದೆ ಎಂದು ಕಂಪೈಲರ್ ಪಟ್ಟಿ ಮಾಡಿ ಹೇಳುತ್ತದೆ. ಹೆಜ್ಜೆ 5ರ ಜಮಾ-ಬಾಕಿ ಪುಸ್ತಕವನ್ನು ಅದು ನಿಮ್ಮ ಪರವಾಗಿ ಬರೆದುಕೊಟ್ಟಂತೆ. ಹೂಗಲ್ ಎಂಬ ಹುಡುಕುತಾಣದಲ್ಲಿ ಹೆಸರು ಗೊತ್ತಿಲ್ಲದಿದ್ದರೂ ಸಿಗ್ನೇಚರ್ ಕೊಟ್ಟರೆ ಅದಕ್ಕೆ ಹೊಂದುವ ಫಂಕ್ಷನ್‌ಗಳು ಸಿಗುತ್ತವೆ.

ಕೊನೆಗೆ ಹೆಸರಿಲ್ಲದ ಒಂದು ಸಾಲು. ಮುಂದಿನ ಪ್ಯಾರಾ ನೋಡುವ ಮೊದಲು ಗಟ್ಟಿಯಾಗಿ ಓದಿ, ಜಮಾ-ಬಾಕಿ ಹಾಕಿ. ಮೇಬಿ ಎಂದರೆ ‘ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ’: ಇದ್ದಾಗ ಜಸ್ಟ್, ಇಲ್ಲದಾಗ ನಥಿಂಗ್. ದುಂಡು ಆವರಣದಲ್ಲಿ ಅಲ್ಪವಿರಾಮವಿದ್ದರೆ ಅದು ಜೋಡಿ.

(ಬ -> ಮೇಬಿ (ಅ, ಬ)) -> ಬ -> [ಅ]

ಬಾಕಿ ಅ-ಗಳ ಪಟ್ಟಿ. ಅ ಸಿಗುವುದು ಆವರಣದ ಫಂಕ್ಷನ್ನಿನಿಂದ ಮಾತ್ರ, ಅದೂ ಪ್ರತಿ ಸಲ ಸಿಗುವ ಭರವಸೆಯಿಲ್ಲ. ಅದಕ್ಕೆ ಬ ಬೇಕು. ಒಂದು ಬ ನೀವು ಕೊಟ್ಟಿದ್ದೀರಿ. ಆಮೇಲಿನ ಬ-ಗಳನ್ನು ಅದೇ ಅ-ಯ ಜೊತೆ ಜೋಡಿಯಾಗಿ ಕೊಡುತ್ತಾ ಹೋಗುತ್ತದೆ. ಇದರ ಹೆಸರು ಅನ್‌ಫೋಲ್ಡ್‌ಆರ್. ಬಡ್ಡಿಯಿಲ್ಲದ 2500 ರೂಪಾಯಿಯ ಕೈಸಾಲವನ್ನು ತಿಂಗಳಿಗೆ 1000ದಂತೆ ತೀರಿಸುತ್ತೀರಿ ಎನ್ನಿ. ಬ ಎಂದರೆ ಉಳಿದ ಸಾಲ, ಅ ಎಂದರೆ ಈ ತಿಂಗಳ ಕಂತು. 2500 ಕೊಟ್ಟರೆ ಜಸ್ಟ್ (1000, 1500). 1500 ಕೊಟ್ಟರೆ ಜಸ್ಟ್ (1000, 500). 500 ಕೊಟ್ಟರೆ ಜಸ್ಟ್ (500, 0). 0 ಕೊಟ್ಟರೆ ನಥಿಂಗ್. ಕೈಗೆ ಬರುವ ಪಟ್ಟಿ [1000, 1000, 500].